ಬೆವರುವ ಗೋಡೆ

ಸೆಪ್ಟೆಂಬರ್ 24

ಅಕ್ಕನ ಮನೆ ಸೇರಿದೆ. ತಂದದ್ದು ಎರಡು ಅಂಗಿ, ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯನ್ನು ಒಂದು ಕಡೆಯಿಂದ ಎತ್ತಲು ಹೋದ ಅಕ್ಕ ಅಲ್ಲೇ ಕೆಳಗಿಟ್ಟಳು.

"ಕಂಬಳಿ ತಂದಿದೀಯ ಅಂತ ಆಸೆಪಟ್ಟೆ ಕಣೋ. ಇದೇನು, ಕಲ್ಲಾ?"

"ಕರಪತ್ರ."

"ಹೊದ್ಕೊಳ್ಳೋಕೆ ಬರುತ್ತಾ?"

ನಗಲಿ. ನಾನು ಕೆಲಸಕ್ಕಿದ್ದ ಗೋದಾಮಿನ ಮಾಲೀಕನೂ ಮೊದಲು ನಕ್ಕಿದ್ದ. ಅವನ ಗೇಟಿಗೆ ನಾನು ಭಿತ್ತಿಪತ್ರ ಅಂಟಿಸಿದ ದಿನ ಅವನ ನಗು ನಿಂತಿತು, ನನ್ನ ಕೆಲಸವೂ ನಿಂತಿತು. ನನಗೆ ಪಶ್ಚಾತ್ತಾಪವಿಲ್ಲ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಕರಪತ್ರದ ಮೊದಲ ಸಾಲೇ ನನ್ನ ಬಾಳಿನ ಸಾಲು: ಮುಚ್ಚಿಟ್ಟದ್ದು ಕೊಳೆಯುತ್ತದೆ, ತೆರೆದಿಟ್ಟದ್ದು ಬದುಕುತ್ತದೆ.

ಮನೆ ಭಾವ ಕಟ್ಟಿಸಿದ್ದು. ಊರಿನ ಮೇಲ್ಗಡೆಯ ಇಳಿಜಾರಿನಲ್ಲಿ ಕೊನೆಯದು. ಎರಡು ಕೋಣೆ, ಒಂದು ದೊಡ್ಡ ಅಡುಗೆಮನೆ, ಅದರಲ್ಲಿ ಕಬ್ಬಿಣದ ಒಲೆ. ಬೇಸಿಗೆಯ ಶುರುವಿನಲ್ಲಿ ಭಾವ ಜ್ವರ ಬಂದು ತೀರಿಹೋದರು. ಅವರು ಹೋದ ಮೇಲೆ ಅಕ್ಕನಿಗೆ ತಾನು ಬಸುರಿ ಎಂದು ಗೊತ್ತಾಯಿತು. ದಿನ ತುಂಬುವುದು ಕಡು ಚಳಿಯಲ್ಲಿ.

ಅಡುಗೆಮನೆಯ ಉತ್ತರದ ಗೋಡೆ ಚಳಿ ಬಂತೆಂದರೆ ಬೆವರುತ್ತದೆ. ಕೈಯಿಟ್ಟರೆ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಅದಕ್ಕೇ ಮಂಜು ಬೀಳುವ ಮೊದಲು ಮನೆ ಮಾರಿ ಕೆಳಪೇಟೆಗೆ ಹೋಗಬೇಕೆಂದು ಅಕ್ಕನ ಹಟ. ಅಲ್ಲಿ ಬೇಕರಿಯ ಮಾಳಿಗೆಯ ಮೇಲೊಂದು ಕೋಣೆ ಖಾಲಿ ಇದೆಯಂತೆ. ಬೇಕರಿಯ ದೊಡ್ಡ ಒಲೆಯ ಹೊಗೆಗೂಡು ಆ ಕೋಣೆಯ ಗೋಡೆಯೊಳಗೇ ಹಾದುಹೋಗುತ್ತದಂತೆ. ಅಕ್ಟೋಬರ್ ಮಧ್ಯದವರೆಗೆ ಯಾರಿಗೂ ಕೊಡುವುದಿಲ್ಲವೆಂದು ಬೇಕರಿಯವನ ಹೆಂಡತಿ ಮಾತು ಕೊಟ್ಟಿದ್ದಾಳೆ.

ಮನೆ ಎನ್ನುವುದು ಸರಕಲ್ಲ, ಮಾರುವುದೇ ತಪ್ಪು ಎಂದೆ. "ಹುಟ್ಟೋ ಕೂಸಿಗೆ ಅದನ್ನ ನೀನೇ ಹೇಳು" ಎಂದಳು. ಮಗುವಿಗಾಗಿ ಒಪ್ಪಿದ್ದೇನೆ, ತಾತ್ಕಾಲಿಕವಾಗಿ.

ಸೆಪ್ಟೆಂಬರ್ 29

ದಲ್ಲಾಳಿ ಬಂದಿದ್ದ. ಗುಂಡಗಿನ ಮನುಷ್ಯ. ಗೋಡೆ ತಟ್ಟುತ್ತ, ನಗುತ್ತ, ಮನೆಯೆಲ್ಲ ತಿರುಗಿದ. ಉತ್ತರದ ಗೋಡೆಯ ಮುಂದೆ ಬಂದು, ಕಾಯಿಲೆಯವರ ಹಾಸಿಗೆ ಪಕ್ಕ ನಿಲ್ಲುವ ಹಾಗೆ ನಿಂತ.

"ಅಮ್ಮ, ಇದಕ್ಕೆಲ್ಲ ಮದ್ದಿದೆ. ಬೂಷ್ಟು ಕೆರೆದು ಸುಣ್ಣಕ್ಕೆ ಒಂಚೂರು ನೀಲಿ ಬೆರೆಸಿ ಹೊಡೀರಿ, ಒಂದರ ಮೇಲೊಂದು. ನೋಡೋಕೆ ಬರೋ ದಿನ ಬೆಳಗಿನ ಜಾವದಿಂದ್ಲೇ ಒಲೆ ಉರೀಲಿ, ಗೋಡೆ ಗರಿಗರಿ ಒಣಗಿರುತ್ತೆ. ಮೂಲೆಗೆ ಈ ಬೀರು ತಳ್ಳಿ. ಹತ್ತಿರ ಹೋಗಿ ಮೂಸೋರು ಯಾರು?"

"ಇದು ಮೋಸ" ಎಂದೆ.

"ಇವರ್ಯಾರು?"

"ನನ್ನ ತಮ್ಮ. ಕರಪತ್ರ ಓದ್ತಾನೆ" ಎಂದಳು ಅಕ್ಕ, ಇವನಿಗೆ ಕಣ್ಣು ಸರಿಯಿಲ್ಲ ಎಂದು ಹೇಳುವ ದನಿಯಲ್ಲಿ.

"ಓಹೋ, ಕರಪತ್ರ! ನೋಡಪ್ಪಾ ಕರಪತ್ರ, ಹೆಣ್ಣು ತೋರಿಸೋ ದಿನ ಯಾರಾದ್ರೂ ಹುಡುಗಿ ಗೊರಕೆ ಹೊಡೀತಾಳೆ ಅಂತ ಹೇಳ್ತಾರಾ?"

ಅವನು ಹೋದ ಮೇಲೆ ಅಕ್ಕನೊಡನೆ ಜಗಳವಾಡಿದೆ. ಈ ಗೋಡೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದೂ ಗೋದಾಮಿನ ಮಾಲೀಕ ಕೊಳೆತ ಸರಕು ಮುಚ್ಚಿಟ್ಟು ಮಾರುವುದೂ ಒಂದೇ ಎಂದೆ. ಅವಳು ಸುಣ್ಣದ ಡಬ್ಬ ಕಲಕುತ್ತಲೇ ಇದ್ದಳು.

"ಸತ್ಯ ಹೇಳಿ ಇಲ್ಲಿವರೆಗೆ ಯಾರಿಗಾದ್ರೂ ಬೆಚ್ಚಗಾಗಿದೆಯೇನೋ?"

ಇಂಥ ಮಾತುಗಳಿಂದಲೇ ಜಗತ್ತು ಹೀಗಿದೆ.

ಅಕ್ಟೋಬರ್ 6

ಇಂದು ನಾನು ಓದಿದ ಹಾಗೆ ಬದುಕಿದೆ.

ಕೊಳ್ಳಲು ಬಂದವರು ನಿವೃತ್ತ ಅಂಚೆ ಅಧಿಕಾರಿ. ಒಂಟಿ ಜೀವ, ಮೆಲುಮಾತು. ಕಿಟಕಿಯಿಂದ ಕಾಣುವ ಕಣಿವೆ ನೋಡಿ ಅವರ ಮುಖ ಅರಳಿತು. ಒಲೆಯ ಬಿಸಿಗೆ ಕೋಟು ಕಳಚಿದರು. ಅಕ್ಕ ಚಹಾ ಕೊಟ್ಟಳು. ಎಷ್ಟೋ ದಿನಗಳ ಮೇಲೆ ಅವಳು ತಲೆ ಬಾಚಿ ಕಟ್ಟಿದ್ದು ಕಂಡೆ.

"ಚಳಿಗಾಲದಲ್ಲಿ ಮನೆ ಹೇಗಿರುತ್ತೆ?" ಎಂದು ಕೇಳಿದರು.

"ಅಯ್ಯೋ, ಮನೆ ಹೇಗಿರುತ್ತೆ ಅನ್ನೋದು ಇರೋರ ಮೇಲಿರುತ್ತೆ ಸಾರ್. ಬೆಚ್ಚಗಿಟ್ಟುಕೊಂಡ್ರೆ ಬೆಚ್ಚಗೆ" ಎಂದ ದಲ್ಲಾಳಿ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನಿಗೆ ಸಾಟಿಯಿಲ್ಲ.

ಅವರು ನನ್ನತ್ತ ನೋಡಿದರು. ನಾನು ಬೀರಿನ ಹಿಂದೆ ನೋಡಿ ಎಂದೆ. ಸುಣ್ಣ ಹೊಸದು, ಇವತ್ತಿಗಾಗಿ ಹೊಡೆದದ್ದು. ಈ ಗೋಡೆ ಮಂಜು ಬಿದ್ದೊಡನೆ ಬೆವರುತ್ತದೆ, ಒಳಗಿನಿಂದಲೇ ಹಾಳಾಗಿದೆ ಎಂದೂ ಹೇಳಿದೆ. ನನ್ನ ದನಿ ನಡುಗಲಿಲ್ಲ.

ಅವರು ಎದ್ದು ನನ್ನ ಕೈ ಕುಲುಕಿದರು. "ನಿಮ್ಮಂಥ ಹುಡುಗರು ಬೇಕು" ಎಂದರು. ಕೋಟು ಹಾಕಿಕೊಂಡು ಹೋದರು.

ಅಕ್ಕ ಚಹಾದ ಲೋಟಗಳನ್ನು ತೊಳೆದಳು. ತೊಳೆದವನ್ನೇ ಮತ್ತೆ ತೊಳೆದಳು.

ಅಕ್ಟೋಬರ್ 7

ಅಕ್ಕ ಮಾತಾಡುತ್ತಿಲ್ಲ. ನಾನು ಸರಿ.

ಅಕ್ಟೋಬರ್ 19

ದಲ್ಲಾಳಿ ನಮ್ಮ ಬಾಗಿಲಿಗೆ ಬರುತ್ತಿಲ್ಲ, ಬರುವವರನ್ನೂ ಬಿಡುತ್ತಿಲ್ಲ. ಬೇಕರಿಯ ಮಾಳಿಗೆ ಕೋಣೆ ಒಬ್ಬ ದರ್ಜಿಯ ಪಾಲಾಯಿತು. ನಾನು ಹೋಗುತ್ತೇನೆಂದರೂ ಕೇಳದೆ ಅಕ್ಕ ತಾನೇ ಇಳಿದು ಹೋಗಿ ಕೇಳಿಬಂದಳು. ವಾಪಸು ಏರುವಾಗ ದಾರಿಬದಿಯ ಕಲ್ಲುಗಳ ಮೇಲೆ ಕೂತು ಕೂತು ಬಂದಳಂತೆ.

"ದರ್ಜಿ ಒಳ್ಳೆಯವನು. ಒಳಗೆ ಬಿಟ್ಟ. ಆ ಗೋಡೆಗೆ ಸ್ವಲ್ಪ ಹೊತ್ತು ಬೆನ್ನು ಕೊಟ್ಟು ನಿಂತಿದ್ದೆ" ಎಂದಳು. ಆಮೇಲೆ, "ಬೆಕ್ಕಿನ ಹೊಟ್ಟೆ ಇದ್ದ ಹಾಗಿದೆ ಕಣೋ" ಎಂದಳು.

ಅಂಚೆ ಅಧಿಕಾರಿಯ ದಿನದ ಬಗ್ಗೆ ಅವಳು ಒಂದೇ ಒಂದು ಮಾತು ಆಡಿಲ್ಲ. ಬೈದಿದ್ದರೆ ವಾದಿಸಬಹುದಿತ್ತು.

ಮನೆ ಮಾರದಿದ್ದರೇನಂತೆ, ಇದನ್ನೇ ಬೆಚ್ಚಗೆ ಮಾಡುತ್ತೇನೆ. ಪೆಟ್ಟಿಗೆಯಲ್ಲಿ ಅದಕ್ಕೂ ಒಂದು ಕರಪತ್ರ ಇದೆ: ಶಾಖವೂ ಶ್ರಮದ ಫಲ, ಅದನ್ನು ಒಂದು ಬಿರುಕಿನಿಂದಲೂ ಸೋರಗೊಡಬೇಡಿ. ಏನೇನು ಮಾಡಬೇಕೆಂದು ಚಿತ್ರ ಸಹಿತ ಇದೆ.

ಅಕ್ಟೋಬರ್ 23

ಚಳವಳಿ ನನಗೆ ಕಲಿಸಿದ ಒಂದು ಕಸುಬು ಮೈದಾ ಅಂಟು ಕುದಿಸುವುದು. ಗಂಟಾಗದ ಹಾಗೆ, ತಳ ಹಿಡಿಯದ ಹಾಗೆ. ಹಳೆಯ ಪತ್ರಿಕೆಗಳನ್ನು ಪಟ್ಟಿಪಟ್ಟಿ ಹರಿದು, ಅಡುಗೆಮನೆಯ ಕಿಟಕಿಗಳ ಸಂದುಗಳಿಗೆಲ್ಲ ಬಳಿದು ಅಂಟಿಸಿದೆ. ಬಾಗಿಲಿನ ಕೆಳಗೆ ಗೋಣಿತಾಟು ಸುತ್ತಿ ಮೊಳೆ ಹೊಡೆದೆ. ಒಲೆಯ ಮೇಲ್ಗಡೆ ಇರುವ ಗವಾಕ್ಷಿಯಿಂದ ಬಿಸಿಯೆಲ್ಲ ಹಾರಿಹೋಗುತ್ತಿತ್ತು. ತಗಡು ಬಡಿದು, ಮೇಲೆ ಕಾಗದ ಮೆತ್ತಿ ಮುಚ್ಚಿದೆ. ಎರಡು ಕೋಣೆಗಳಿಗೆ ಬೀಗ. ಚಳಿ ಮುಗಿಯುವವರೆಗೆ ಅಡುಗೆಮನೆಯೇ ಮನೆ.

ಕೊನೆಯ ಕಿಟಕಿಗೆ ಕಾಗದ ಸಾಲಲಿಲ್ಲ.

"ನಿನ್ನ ಪೆಟ್ಟಿಗೆ ತುಂಬ ಇದೆಯಲ್ಲೋ" ಎಂದಳು ಅಕ್ಕ.

ಅವು ಆ ಕೆಲಸಕ್ಕೆ ಇರುವ ಕಾಗದವಲ್ಲ ಎಂದೆ. ಅವಳು ತನ್ನ ಹಳೆಯ ಸೀರೆ ಹರಿದು ಕೊಟ್ಟಳು.

ಅಕ್ಟೋಬರ್ 31

ಮೊದಲ ಮಂಜು. ಹೊರಗೆ ನೀರಿನ ಬಕೆಟ್ಟಿನ ಮೇಲೆ ಗಾಜಿನಂಥ ಪದರ. ಒಳಗೆ ಬೆಚ್ಚಗೆ! ಅಕ್ಕ ಶಾಲು ತೆಗೆದಿಟ್ಟಳು. "ಪರವಾಗಿಲ್ಲ ಕಣೋ, ನಿನ್ನ ಕರಪತ್ರಕ್ಕೂ ಬುದ್ಧಿ ಇದೆ" ಎಂದಳು. ಒದ್ದೆ ಬಟ್ಟೆಗಳನ್ನೂ ಒಳಗೇ ಹಗ್ಗ ಕಟ್ಟಿ ಒಣಹಾಕುತ್ತಿದ್ದೇವೆ. ಕೆಟಲು ಇಡೀ ದಿನ ಸಣ್ಣಗೆ ಹಾಡುತ್ತದೆ. ಇದನ್ನು ಬರೆದಿಡಬೇಕು, ಬೇರೆಯವರಿಗೂ ಹಂಚಬೇಕು.

ನವೆಂಬರ್ 5

ಎಲ್ಲ ಹಾಳಾಯಿತು.

ಅಕ್ಕನ ಹಾಸಿಗೆ ಉತ್ತರದ ಗೋಡೆಯ ಪಕ್ಕ ಇತ್ತು. ಬೆಳಿಗ್ಗೆ ಹಾಸಿಗೆ ಎತ್ತಿದರೆ ಅಡಿಭಾಗ ತೊಪ್ಪೆ. ಗೋಡೆಯ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೂಲೆಯಲ್ಲಿದ್ದ ಕಪ್ಪು ಈಗ ದಿಂಬಿನವರೆಗೆ ಬಂದಿದೆ. ಅಕ್ಕ ಕೆಮ್ಮುತ್ತಿರುವುದು ನಾಲ್ಕೈದು ದಿನದಿಂದ. ಹೊಗೆಗೆ ಇರಬೇಕು ಅಂದುಕೊಂಡಿದ್ದೆ.

ಬಸುರಿಯರನ್ನು ನೋಡಲು ಮನೆಮನೆಗೆ ಬರುವ ದಾದಿ ಇವತ್ತು ಬಂದಳು. ಬಾಗಿಲು ದಾಟುತ್ತಲೇ ಕನ್ನಡಕ ಮಬ್ಬಾಗಿ ಅಲ್ಲೇ ನಿಂತಳು.

"ಇದೇನು ಮನೆನೋ, ಹಬೆ ಪಾತ್ರೆನೋ? ಈ ಗವಾಕ್ಷಿ ಮುಚ್ಚಿದ ಮಹಾನುಭಾವ ಯಾರು?"

ಕೆಟಲಿನ ಹಬೆ, ಬಟ್ಟೆಯ ತೇವ, ನಮ್ಮಿಬ್ಬರ ಉಸಿರು, ಎಲ್ಲಕ್ಕೂ ಹೊರಗೆ ಹೋಗುವ ದಾರಿ ನಾನು ಮುಚ್ಚಿದ್ದೆ. ಎಲ್ಲವೂ ಹೋಗಿ ತಣ್ಣನೆಯ ಗೋಡೆಗೆ ಕೂತಿವೆ. ಅಕ್ಕನ ಬೆನ್ನಿಗೆ ಕಿವಿಗೊಳವೆ ಇಟ್ಟು ದಾದಿ ತುಂಬ ಹೊತ್ತು ಕೇಳಿದಳು. ಆಮೇಲೆ ನನ್ನನ್ನು ಹೊರಗೆ ಕರೆದಳು. ಕೆಮ್ಮು ಎದೆಗೆ ಇಳಿದರೆ ತಾಯಿ ಮಗು ಇಬ್ಬರಿಗೂ ಅಪಾಯ, ಹೆರಿಗೆಗೆ ಮೊದಲು ಒಣಗಿದ ಜಾಗಕ್ಕೆ ಕರೆದೊಯ್ಯಬೇಕು ಎಂದಳು.

"ಎಲ್ಲಿಗೆ?" ಎಂದೆ.

"ಅದನ್ನ ನನ್ನ ಕೇಳ್ತೀಯಲ್ಲಪ್ಪ" ಎಂದಳು.

ತಗಡು ಕಿತ್ತೆ. ಗವಾಕ್ಷಿಯಿಂದ ಚಳಿ ಚಾಕುವಿನ ಹಾಗೆ ಇಳಿಯಿತು. ತೆರೆದರೆ ಚಳಿ, ಮುಚ್ಚಿದರೆ ನೀರು. ಅರ್ಧ ತೆರೆದರೆ ಎರಡೂ. ಹಾಸಿಗೆಯನ್ನು ಆ ಕಡೆ ಎಳೆದೆ, ಈ ಕಡೆ ಎಳೆದೆ. ಮಧ್ಯದಲ್ಲಿ ನಿಂತುಬಿಟ್ಟೆ. "ಎಷ್ಟು ಅಂತ ತಿರುಗಿಸ್ತೀಯೋ, ತಲೆ ಸುತ್ತುತ್ತೆ, ಎಲ್ಲಾದ್ರೂ ಇಡು" ಎಂದು ಅಕ್ಕ ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ಮುಗಿಯುವವರೆಗೆ ಅವಳ ಬೆನ್ನು ಹಿಡಿದು ಕೂತೆ.

ನವೆಂಬರ್ 8

ತೇವಕ್ಕೆ ಕಿಟಕಿಯ ಪಟ್ಟಿಗಳೆಲ್ಲ ಕಳಚಿ ಬಿದ್ದಿದ್ದವು. ಮತ್ತೆ ಅಂಟಿಸಿದೆ. ಪೆಟ್ಟಿಗೆ ಅರ್ಧಕ್ಕೂ ಹೆಚ್ಚು ಖಾಲಿ. ಕಾಗದ ದಪ್ಪಗಿದೆ, ಪತ್ರಿಕೆಗಿಂತ ಚೆನ್ನಾಗಿ ಹಿಡಿಯುತ್ತದೆ.

ನವೆಂಬರ್ 11

ದಲ್ಲಾಳಿಯ ಅಂಗಡಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಬೇಕೆಂದೇ ಕಾಯಿಸಿದ. ಒಳಗೆ ಕರೆದಾಗ ಕಿತ್ತಳೆ ಸುಲಿಯುತ್ತಿದ್ದ.

"ಬಾರಪ್ಪಾ ಕರಪತ್ರ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದ್ರೆ ನೀನೇ ನೋಡು. ಮಲ್ಲಿಗೆ ಬಾಡಿತಾ?"

ಬಾಡಿತು ಎಂದೆ. ಅಕ್ಕನ ಸ್ಥಿತಿ ಹೇಳಿದೆ. ಅವನು ಕಿತ್ತಳೆಯ ತೊಳೆಗಳನ್ನು ಹಾಗೇ ಮೇಜಿನ ಮೇಲಿಟ್ಟ.

ಒಬ್ಬ ಬಸ್ ಚಾಲಕ ಇದ್ದಾನಂತೆ. ರಸ್ತೆ ಅಗಲ ಮಾಡಲು ಅವನ ಮನೆಯನ್ನು ಕೆಡವುತ್ತಿದ್ದಾರೆ. ಗಡಿಬಿಡಿಯಲ್ಲಿದ್ದಾನೆ, ತುಂಬ ಕೆದಕುವುದಿಲ್ಲ.

"ಆದ್ರೆ ನಿನ್ನ ನಾಲಿಗೆ?"

"ಸುಣ್ಣ ನಾನೇ ಹೊಡೀತೀನಿ" ಎಂದೆ.

ನವೆಂಬರ್ 15

ಗೋಡೆ ಮುಗಿಯಿತು. ಮೊದಲು ಕಪ್ಪನ್ನೆಲ್ಲ ಕೆರೆದೆ, ಬಿಸಿ ಇದ್ದಿಲಿನ ಕುಂಡ ಹತ್ತಿರ ಇಟ್ಟು ಒಣಗಿಸಿದೆ, ಆಮೇಲೆ ತೆಳುವಾಗಿ ಸುಣ್ಣ, ಅದು ಆರಿದ ಮೇಲೆ ಇನ್ನೊಂದು. ನೀಲಿ ಎಷ್ಟು ಬೆರೆಸಬೇಕೆಂದು ದಲ್ಲಾಳಿಗೂ ಸರಿಯಾಗಿ ಗೊತ್ತಿಲ್ಲ. ಜಾಸ್ತಿಯಾದರೆ ಹೊಸ ಬಣ್ಣವೆಂದು ಕೂಗಿ ಹೇಳುತ್ತದೆ. ನಾನು ಒಂದು ಚಿಟಿಕೆ ಒಲೆಯ ಬೂದಿಯನ್ನೂ ಸೇರಿಸಿದೆ. ಈಗ ಎಷ್ಟೋ ವರ್ಷದಿಂದ ಹೀಗೇ ಇದ್ದ ಗೋಡೆಯ ಹಾಗೆ ಕಾಣುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಕಪ್ಪಿತ್ತೆಂದು ನನಗೇ ತಿಳಿಯದು.

ಬೀರನ್ನು ಮೂಲೆಗೆ ತಳ್ಳಿದೆ. ಅಕ್ಕ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಹೊಗಳುತ್ತಾಳೆ ಅಂದುಕೊಂಡೆ. ಗೋಡೆಗೆ ಬೆನ್ನು ಮಾಡಿ ಮಗ್ಗುಲು ತಿರುಗಿದಳು.

ನವೆಂಬರ್ 16

ಸಿಟ್ಟು ಇನ್ನೂ ಇಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಚಾಲಕ, ಅವನ ಹೆಂಡತಿ, ತಲೆಯಿಂದ ಕಾಲವರೆಗೆ ಶಾಲು ಸುತ್ತಿಕೊಂಡು ನಿಂತ ಒಂದು ಮಗು. ದಲ್ಲಾಳಿ ಮೊದಲೇ ಹೇಳಿದ್ದಂತೆ ಚಾಲಕ ಏನೂ ಕೆದಕಲಿಲ್ಲ. ಒಲೆಗೆ ಕೈ ಕಾಯಿಸಿ, "ಬೆಚ್ಚಗಿದೆ, ಅಲ್ವಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದ, ಮತ್ತೆ ಮತ್ತೆ ಅದನ್ನೇ. ಅವಳು ಕಿಟಕಿಯ ಹತ್ತಿರ ಹೋಗಿ ಅಂಟಿಸಿದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದಿದಳು.

"ಮುಚ್ಚಿಟ್ಟದ್ದು... ಕೊಳೆಯುತ್ತದೆ... ಇದೇನು?"

"ಹಳೇ ಕಾಗದ. ಏನೇನೋ ಬರೆದಿರ್ತಾರೆ" ಎಂದೆ.

ದಲ್ಲಾಳಿ ಮೆಚ್ಚುಗೆಯಿಂದ ನೋಡಿದ. ಚಾಲಕ ನನ್ನ ಹತ್ತಿರ ಬಂದ. "ತಮ್ಮಾ, ನಮ್ಮ ಮಗೂಗೆ ಎದೆ ಸ್ವಲ್ಪ ಸೂಕ್ಷ್ಮ. ಇಲ್ಲಿ ಎಲ್ಲಕ್ಕಿಂತ ಬೆಚ್ಚಗಿರೋ ಜಾಗ ಯಾವುದು?"

"ಈ ಕೋಣೆನೇ. ಬೀರು ಇರೋ ಕಡೆ ಗಾಳಿ ತಾಗಲ್ಲ. ಅಲ್ಲಿ ಹಾಸಿಗೆ ಹಾಕಿ" ಎಂದೆ. ಗಾಳಿ ತಾಗುವುದಿಲ್ಲ ಎನ್ನುವುದು ನಿಜವೇ.

ಆಗ ಅಕ್ಕ ಎದ್ದು ಕೂತಳು.

"ಲೋ, ಬೀರು ಸರಿಸು."

ಕೇಳಿಸದವನಂತೆ ನಿಂತೆ. ದಲ್ಲಾಳಿ ಜೋರಾಗಿ ಕಣಿವೆಯ ಬಗ್ಗೆ ಮಾತು ತೆಗೆದ. ಅಕ್ಕ ಗೋಡೆ ಹಿಡಿದು ನಡೆದು ಬಂದು, ಆ ಹೊಟ್ಟೆ ಹೊತ್ತುಕೊಂಡು, ಬೀರಿಗೆ ತಾನೇ ಹೆಗಲು ಕೊಟ್ಟಳು. ಚಾಲಕ ಗಾಬರಿಯಾಗಿ ಓಡಿಬಂದು ಅವಳನ್ನು ಪಕ್ಕಕ್ಕೆ ಕೂರಿಸಿ, ತಾನು ತಳ್ಳಿದ. ಬೀರಿನ ಹಿಂದೆ, ಒಲೆಯ ಬಿಸಿ ತಲುಪದ ಕಡೆ, ನಿನ್ನೆಯ ಸುಣ್ಣ ಆಗಲೇ ಬೆವರಿತ್ತು.

"ನೋಡಿ ಅಣ್ಣಾ. ಈ ಗೋಡೆ ಪಕ್ಕ ಮಲಗಿದ್ದಕ್ಕೇ ನನಗೆ ಈ ಕೆಮ್ಮು. ಇಲ್ಲಿ ಮಗೂನ ಮಲಗಿಸಬೇಡಿ" ಎಂದಳು.

ಯಾರೂ ಕೂಗಾಡಲಿಲ್ಲ. ಚಾಲಕನ ಹೆಂಡತಿ ಒದ್ದೆಗೆ ಅಂಗೈ ಒತ್ತಿ, ಆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಮಗುವನ್ನು ಎತ್ತಿಕೊಂಡಳು. ಹೊರಟುಹೋದರು. ದಲ್ಲಾಳಿ ಬಾಗಿಲಲ್ಲಿ ನಿಂತು, "ಅಕ್ಕ ತಮ್ಮ ಇಬ್ರೂ ಸರದಿ ಹಾಕ್ಕೊಂಡಿದೀರಾ?" ಎಂದು ಕೇಳಿ ಅವನೂ ಹೋದ.

ಅಕ್ಕನ ಮೇಲೆ ಕೂಗಾಡಿದೆ. ಸತ್ಯ ಹೇಳಿ ಯಾರಿಗೆ ಬೆಚ್ಚಗಾಯಿತು ಎಂದು ಕೇಳಿದೆ. ಹೊಟ್ಟೆಯಲ್ಲಿರುವ ಕೂಸಿಗೆ ನೀನೇ ಹೇಳು ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಈ ದನಿಯನ್ನು ಎಲ್ಲೋ ಕೇಳಿದ್ದೇನೆ ಎನ್ನುವ ಹಾಗೆ.

ನವೆಂಬರ್ 17

"ಆ ಮಗು ಮುಖ ನೋಡಿದೆಯೇನೋ?" ಎಂದು ಕೇಳಿದಳು.

ನನಗೆ ಶಾಲಿನ ಬಣ್ಣ ಮಾತ್ರ ನೆನಪಿದೆ. ಹಸಿರು.

ನವೆಂಬರ್ 20

ಸೌದೆ ಮುಗಿಯುತ್ತಾ ಬಂದಿದೆ. ಅಕ್ಕ ಕೂತೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಉಸಿರು ಕಟ್ಟುತ್ತದಂತೆ. ಇಬ್ಬರ ಬೆನ್ನಿಗೂ ಸೇರಿ ಒಂದೇ ಕಂಬಳಿ. ಅವಳು ಕೆಮ್ಮಿದಾಗ ನನ್ನ ಮೈಯೂ ಅಲುಗುತ್ತದೆ. ಬೆಳಿಗ್ಗೆ ಬೀಗ ಹಾಕಿದ ಕೋಣೆಯಿಂದ ಭಾವನ ಕುರ್ಚಿ ತಂದು ಒಡೆದೆ. ಒಡೆಯುವ ಸದ್ದು ಕೇಳಿಯೂ ಅಕ್ಕ ಅದೇನು ಎಂದು ಕೇಳಲಿಲ್ಲ.

ನವೆಂಬರ್ 22

ಚಾಲಕ ಬಂದಿದ್ದ. ಜೊತೆಗೆ ಕೈಗಾಡಿ, ಅದರ ತುಂಬ ಬಾಗಿಲು, ಕಿಟಕಿ, ತೊಲೆ. ಅವನ ಮನೆಯ ಸೂರು ನಿನ್ನೆ ಇಳಿಸಿದರಂತೆ.

ಕೊಳ್ಳಲು ಬಂದದ್ದಲ್ಲ. ಹೊಸ್ತಿಲಾಚೆಯೇ ನಿಂತು, ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ ಹೇಳಿದ.

"ಅಮ್ಮಾ, ನಮ್ಮ ಹತ್ರ ಒಣಗಿದ ಮರ ಬೇಕಾದಷ್ಟಿದೆ, ಒಲೆ ಇಲ್ಲ. ನಿಮ್ಮಲ್ಲಿ ಒಲೆ ಇದೆ. ಮನೆ ತೋರಿಸಿದೋರೆಲ್ಲ ನಮಗೆ ಸುಳ್ಳು ಹೇಳಿದ್ರು. ನೀವೊಬ್ರೇ ಇಲ್ಲಿ ಮಲಗಿಸಬೇಡಿ ಅಂದಿದ್ದು. ಚಳಿ ಕಳೆಯೋವರೆಗೆ..."

"ಜಾಗ ಎಲ್ಲಿದೆ? ಈಗಿರೋ ಉಸಿರಿಗೇ ಗೋಡೆ ಸೋರ್ತಿದೆ. ಇನ್ನೂ ಮೂರು ಜನ ಅಂದ್ರೆ?" ಎಂದೆ ನಾನು.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ನಿಮ್ಮವರೆಲ್ಲಿ ಅಣ್ಣಾ? ಹೊರಗೆ ಮಂಜಲ್ಲಿ ನಿಲ್ಲಿಸಿ ಬಂದಿದೀರಾ?"

ತಿರುವಿನಲ್ಲಿ ನಿಂತಿದ್ದರು. ಬರುವುದು ಬೇಡ ಎಂದರೆ ಹಾಗೇ ತಿರುಗಿ ಹೋಗಲು.

ನವೆಂಬರ್ 26

ಮೂರು ದಿನ ಚಾಲಕನೂ ನಾನೂ ಮರದ ಕೆಲಸ ಮಾಡಿದೆವು. ಅವನ ಮನೆಯ ಬಾಗಿಲುಗಳನ್ನು ಉತ್ತರದ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದ್ದೇವೆ, ಗೋಡೆಗೆ ತಾಗದ ಹಾಗೆ, ಒಂದು ಗೇಣು ಬಿಟ್ಟು. ಆ ಸಂದಿನಿಂದ ಗಾಳಿ ಎದ್ದು ಗವಾಕ್ಷಿಗೆ ಹೋಗಲಿ ಎಂದು. ಪೂರ್ತಿ ಸರಿಹೋಗಿಲ್ಲ. ಮೇಲಿನ ಸುಣ್ಣ ಉದುರಿ ಕಪ್ಪು ಮತ್ತೆ ಕಾಣುತ್ತಿದೆ. ಕಾಣಲಿ, ಇನ್ನು ನೋಡಲು ಬರುವವರು ಯಾರಿದ್ದಾರೆ.

ಬೀರು ಈಗ ಅಡುಗೆಮನೆಯ ನಡುವೆ ಅಡ್ಡಗೋಡೆ. ಆಚೆ ಅವರು, ಈಚೆ ನಾವು, ಒಲೆ ಇಬ್ಬರಿಗೂ. ನನ್ನ ಪೆಟ್ಟಿಗೆಯಲ್ಲಿ ಒಲೆ ಹೊತ್ತಿಸುವ ಚಕ್ಕೆ ತುಂಬಿಟ್ಟಿದ್ದೇನೆ. ಅಳತೆಗೆ ಸರಿಯಾಗಿದೆ.

ಹಸಿರು ಶಾಲಿನ ಒಳಗಿರುವುದು ಐದಾರು ವರ್ಷದ ಹುಡುಗಿ. ಎಡಗೆನ್ನೆಯಲ್ಲಿ ಗುಳಿ, ಮುಂದಿನ ಒಂದು ಹಲ್ಲು ಬಿದ್ದಿದೆ. ತನ್ನ ಮನೆಯ ಮುಂಬಾಗಿಲನ್ನು ಗುರುತು ಹಿಡಿದು, ಬೆಳಗಿನಿಂದ ಅದನ್ನೇ ತಟ್ಟುತ್ತಿದ್ದಾಳೆ. ತಟ್ಟಿ ಕಿವಿಯಿಟ್ಟು ಕೇಳುತ್ತಾಳೆ.

"ಒಳಗೆ ಯಾರಿದಾರೆ ಮಾಮಾ?"

"ಚಳಿ" ಎಂದೆ.

ಬಾಗಿಲಿನಿಂದ ಕಿವಿ ತೆಗೆದಳು. "ಹಾಗಾದ್ರೆ ಬಾಗಿಲು ತೆಗೀಬೇಡ" ಎಂದು ಮೆಲ್ಲಗೆ ಹೇಳಿ, ತನ್ನ ಗೊಂಬೆಯನ್ನು ಆ ಬಾಗಿಲಿಗೆ ಅಡ್ಡ ಮಲಗಿಸಿದಳು.

ಅಕ್ಕನ ಕೆಮ್ಮು ಕಡಿಮೆಯಾಗಿಲ್ಲ. ಆಚೆಯಿಂದ ಹುಡುಗಿಯೂ ಕೆಮ್ಮುತ್ತಾಳೆ. ಯಾವುದು ಯಾರದ್ದೆಂದು ಈಗ ನನಗೆ ಬೇರೆ ಬೇರೆ ಗೊತ್ತಾಗುತ್ತದೆ. ನಿಜವಾದ ಚಳಿ ಇನ್ನೂ ಬಂದಿಲ್ಲ ಎನ್ನುತ್ತಾನೆ ಚಾಲಕ. ದಾದಿ ಸೋಮವಾರ ಬರುತ್ತಾಳೆ.

ಒಲೆ ನೋಡಿಕೊಳ್ಳುವ ಸರದಿ ನನ್ನದು. ಬರೆಯುವುದು ನಿಲ್ಲಿಸುತ್ತೇನೆ.